ಬಾಗಿಲು ಹಾಕಿದ ಕಪಾಟು

ದುಐಜ್ ಕಪಾಟಿನ ಹಿಂದೆ ಸೊಂಟದವರೆಗೆ ಹೊಕ್ಕಿದ್ದ. ಹಲ್ಲಿನಲ್ಲಿ ಕತ್ತರಿ, ಕೈಯಲ್ಲಿ ಅಗಲವಾದ ಅಂಟುಪಟ್ಟಿ. ಹಿಂಬದಿಯ ಹಲಗೆಯಲ್ಲಿ ಗಾಳಿಗೆಂದು ಕೊರೆದಿದ್ದ ತೂತುಗಳ ಮೇಲೆ ಪಟ್ಟಿ ಎಳೆದು, ಹೆಬ್ಬೆರಳಿನಿಂದ ತೀಡಿ, ಮತ್ತೆ ಎಳೆಯುತ್ತಿದ್ದ. ಮಧ್ಯಾಹ್ನದಿಂದಲೇ ಕೈಫಾನ್ ಬಡಾವಣೆಯ ಮೇಲಿನ ಆಕಾಶ ಇಟ್ಟಿಗೆಪುಡಿಯ ಬಣ್ಣಕ್ಕೆ ತಿರುಗಿತ್ತು. ಧೂಳುಗಾಳಿ ಒಳಗೆ ಬರದಿರಲೆಂದು ಗಂಡಸರು ಸೇರಿ ಕೂರುವ ಹೊರಕೋಣೆ ದಿವಾನಿಯಾದ ಕಿಟಕಿಗಳ ಸಂದಿಗೆಲ್ಲ ಒದ್ದೆ ಟವೆಲ್ ತುರುಕಿದ್ದಾಗಿತ್ತು. ಬಾಗಿಲಿನ ಕೆಳಗೆ ಹಳೆಯ ಕಂಬಳಿ ಸುರುಳಿ ಸುತ್ತಿ ಇಟ್ಟಿದ್ದಾಗಿತ್ತು. ಉಳಿದಿದ್ದು ಈ ಕಪಾಟೊಂದೇ.

"ಮೂಗು ಬಾಯಿ ಎರಡೂ ಮುಚ್ಚಿಬಿಟ್ರೆ ಅದು ಉಸಿರಾಡೋದು ಎಲ್ಲಿಂದ?" ಎಂದಳು ಸಬೀಕಾ. ಗಂಡಸರು ಬರುವ ಮೊದಲು ದಿಂಬುಗಳನ್ನು ಸರಿಮಾಡಿ ಹೋಗಲು ಬಂದಿದ್ದವಳು ಗಂಡನ ಕಾಲುಗಳ ಜೊತೆ ಮಾತಾಡುತ್ತಿದ್ದಳು.

"ಧೂಳು ಕುಡಿದು ಸಾಯೋದಕ್ಕಿಂತ ಇದು ವಾಸಿ," ಎಂದ ದುಐಜ್, ಕತ್ತರಿ ಕಚ್ಚಿಕೊಂಡೇ.

ಕಪಾಟಿನೊಳಗೆ ಇದ್ದದ್ದು ಅವನ ಅಪ್ಪನ ಕಾಲದ ರಿಸೀವರ್. ಗೋಡೆಯ ದೊಡ್ಡ ಟೀವಿಗೂ ಕೋಣೆಯ ಮೂಲೆಮೂಲೆಗೆ ನಿಂತ ಸ್ಪೀಕರುಗಳಿಗೂ ನಡುವೆ ಕೂತು ಧ್ವನಿ ಹಂಚುವ ಕಪ್ಪು ಪೆಟ್ಟಿಗೆ, ಎತ್ತಿದರೆ ಕುರಿಮರಿಯಷ್ಟು ತೂಕ. ಅದರ ನೆತ್ತಿಯ ತುಂಬ ಸೀಳುಗಳು. ಒಳಗಿನ ಕಾವು ಅಲ್ಲಿಂದಲೇ ಮೇಲೆದ್ದು ಹೋಗಬೇಕು. ಕಳೆದ ಚಳಿಗಾಲದಲ್ಲಿ ಅದು ಗೊರಗೊರ ಎನ್ನತೊಡಗಿದಾಗ ಅತ್ವಾ ಎಂಬ ಈಜಿಪ್ಟಿನ ರಿಪೇರಿಯವನು ಬಂದು ಮುಚ್ಚಳ ಬಿಚ್ಚಿ, ಇದರಲ್ಲಿ ಏನು ಅಡುಗೆ ಮಾಡಿದ್ದೀರಿ ಸಾಹೇಬರೇ ಎಂದು ಕೇಳಿದ್ದ. ಒಳಗೆ ಕಾವು ಆರಿಸುವ ಲೋಹದ ರೆಕ್ಕೆಗಳಿಗೆಲ್ಲ ಬೆಲ್ಲದ ಪಾಕ ಒಣಗಿದ ಹಾಗೆ ಕಂದು ಅಂಟು ಹಿಡಿದಿತ್ತು. ಅತ್ವಾ ಅದನ್ನು ಅರ್ಧ ಗೀರಿ, ಬೇಸತ್ತು, ಎರಡು ಲೋಟ ಟೀ ಕುಡಿದು, ಉಳಿದದ್ದು ದೇವರ ಮೇಲೆ ಭಾರ ಎಂದು ಮುಚ್ಚಳ ಹಾಕಿದ. ಹೋಗುವಾಗ ಮಾತ್ರ, ಯಂತ್ರ ನಡೆಯುವಾಗ ಕಪಾಟಿನ ಬಾಗಿಲು ತೆರೆದಿಡಿ, ಹಿಂದಿನ ತೂತು ಮುಚ್ಚಬೇಡಿ, ಕಾವು ಹೋಗಲು ದಾರಿ ಇಲ್ಲದಿದ್ದರೆ ಅದು ತಾನೇ ಆರಿಹೋಗುತ್ತದೆ ಎಂದು ಹೇಳಿದ್ದ. ದುಐಜ್ ಹೂಂ ಅಂದಿದ್ದ. ಹೂಂ ಅನ್ನುವುದಕ್ಕೆ ಏನು ಖರ್ಚು?

ಆದರೆ ಇವತ್ತು ಅವನ ಚಿಂತೆ ಯಂತ್ರದ್ದಲ್ಲ. ಇವತ್ತು ಗಾನಿಮ್ ಚಿಕ್ಕಪ್ಪ ಬರುವವರಿದ್ದರು. ಅಪ್ಪನಿಗಿದ್ದ ಒಬ್ಬನೇ ತಮ್ಮ, ದುಐಜನಿಗೆ ಈಜು ಕಲಿಸಿದವರು, ಮೀನಿನ ಮುಳ್ಳು ಬಿಡಿಸಿ ಬಾಯಿಗಿಟ್ಟವರು. ಒಂದು ರಸ್ತೆ ದಾಟಿದರೆ ಸಿಗುವ ಖಾಲಿದಿಯಾದಲ್ಲೇ ಮನೆ. ಆದರೂ ಒಂಬತ್ತು ವರ್ಷದಿಂದ ಈ ಕೋಣೆಯ ಹೊಸಿಲು ತುಳಿದಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಸುಲೈಬಿಖಾತಿನ ಸ್ಮಶಾನದಲ್ಲಿ ಸಮಾಧಿಗೆ ಇಳಿದು ಅಣ್ಣನನ್ನು ಕೈಯಾರೆ ಮಲಗಿಸಿದರು, ಸಂತಾಪದ ಮೂರು ದಿನವೂ ಸಭಾಗೃಹದಲ್ಲಿ ದುಐಜನ ಬಲಕ್ಕೆ ನಿಂತರು, ಅಲ್ಲಿಂದ ನೇರ ತಮ್ಮ ಮನೆಗೆ ಹೋದರು.

ಇಷ್ಟಕ್ಕೆಲ್ಲ ಕಾರಣ ಈ ರಿಸೀವರೇ ಅಂದರೆ ಯಾರೂ ನಂಬುವುದಿಲ್ಲ. ಅಪ್ಪ ಹಮೂದರಿಗೆ ಎಪ್ಪತ್ತು ದಾಟುವಾಗ ಕಿವಿ ಮಂದವಾಗಿತ್ತು. ಅದನ್ನು ಒಪ್ಪಿಕೊಳ್ಳುವ ಜಾತಿಯ ಮನುಷ್ಯ ಅವರಲ್ಲ. ಈಗಿನ ಟೀವಿಗಳೇ ಸರಿಯಿಲ್ಲ, ಪಿಸುಪಿಸು ಅನ್ನುತ್ತವೆ ಎಂದು ಸಾರಿ, ಈ ಯಂತ್ರವನ್ನೂ ಆಳೆತ್ತರದ ಸ್ಪೀಕರುಗಳನ್ನೂ ತರಿಸಿದರು. ಆಮೇಲೆ ಪ್ರತಿ ಮಂಗಳವಾರ ದಿವಾನಿಯಾಕ್ಕೆ ಬಂದವರ ಎದೆಗೂಡು ನಡುಗತೊಡಗಿತು. ಒಂದು ಸಂಜೆ ಹಸಿರು ಅಂಗಿಯವರಿಗೂ ಹಳದಿ ಅಂಗಿಯವರಿಗೂ ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದಾಗ, ತುಂಬಿದ ಸಭೆಯಲ್ಲಿ ಗಾನಿಮ್ ಚಿಕ್ಕಪ್ಪ, ಅಣ್ಣಾ, ಈ ಗದ್ದಲ ಸುಲೈಬಿಖಾತಿನ ಗೋರಿಗಳವರೆಗೂ ಕೇಳಿಸುತ್ತೆ, ನಮ್ಮನ್ನೆಲ್ಲ ಕಿವುಡರನ್ನಾಗಿ ಮಾಡೋದಕ್ಕಿಂತ ನಿನ್ನ ಕಿವಿಗೊಂದು ಮಿಷನ್ ಹಾಕಿಸಿಕೋ ಅಂದರು. ಜನ ನಕ್ಕರು. ಹಮೂದರು ನಗಲಿಲ್ಲ. ಪಂದ್ಯ ಅರ್ಧವೂ ಆಗಿರಲಿಲ್ಲ. ಅವರು ಎದ್ದು ಧೂಪದಾನಿ ತರಿಸಿ, ಕೆಂಡದ ಮೇಲೆ ಅಗರು ಉದುರಿಸಿ, ತಾವೇ ಕೈಯಾರೆ ತಮ್ಮನ ಮುಂದೆ ಹಿಡಿದರು.

ಧೂಪ ಎದ್ದ ಮೇಲೆ ಕೂತಿರಬಾರದು. ಆ ಊರಿನಲ್ಲಿ ಎಳೆಮಗುವಿಗೂ ಗೊತ್ತಿರುವ ಮಾತು ಅದು. ಊಟವಾಗಿ, ಕಾಫಿಯಾಗಿ, ಮಾತು ಮುಗಿದ ಮೇಲೆ ಕೊನೆಗೆ ಬರುವುದು ಧೂಪ. ಗಡ್ಡಕ್ಕೆ, ತಲೆವಸ್ತ್ರಕ್ಕೆ ಹೊಗೆ ಹಿಡಿಸಿಕೊಂಡು, ಹರಸಿ, ಎದ್ದು ಹೋಗಬೇಕು. ಅದಕ್ಕೆ ಮುಂಚೆ ಯಾರ ಮುಂದಾದರೂ ಅದನ್ನು ಹಿಡಿದರೆ ಕುತ್ತಿಗೆ ಹಿಡಿದು ದಬ್ಬಿದ್ದಕ್ಕೆ ಸಮ. ಗಾನಿಮ್ ಚಿಕ್ಕಪ್ಪ ತಲೆವಸ್ತ್ರದ ಎರಡು ಅಂಚನ್ನೂ ಹೊಗೆಗೆ ಒಡ್ಡಿ, ದೇವರು ನಿನ್ನ ಮನೆ ತಂಪಾಗಿಡಲಿ ಎಂದು ಹೇಳಿ, ಹೊರಗೆ ನಡೆದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅಣ್ಣ ಕರೆಯಲಿಲ್ಲ, ತಮ್ಮ ಬರಲಿಲ್ಲ. ಇಬ್ಬರೂ ಒಂದೇ ಹಿಟ್ಟಿನ ರೊಟ್ಟಿಗಳು.

ಈಗ ದುಐಜನ ಮಗ ಮಿಶಾರಿಗೆ ಹೆಣ್ಣು ಕೇಳುವ ಹೊತ್ತು ಬಂದಿತ್ತು. ಗುರುವಾರ ಗಂಡಸರೆಲ್ಲ ಹುಡುಗಿಯ ಮನೆಗೆ ಹೋಗಬೇಕು. ಮನೆತನದ ಹಿರಿಯ ಬಾಯಿಬಿಟ್ಟು ಕೇಳಿ, ಆ ಕಡೆಯವರು ಹೂಂ ಅಂದ ಮೇಲೆಯೇ ಕಾಫಿ ಮುಟ್ಟುವುದು. ಹಿರಿಯನೆಂದರೆ ಉಳಿದಿದ್ದು ಚಿಕ್ಕಪ್ಪನೊಬ್ಬರೇ. ದುಐಜ್ ಹೋಗಿ ಅವರ ಹಣೆಗೆ ಮುತ್ತಿಟ್ಟು ಬೇಡಿಕೊಂಡಾಗ ಅವರು ಆಗಲಿ ಅನ್ನಲಿಲ್ಲ, ಆಗದು ಅನ್ನಲಿಲ್ಲ. ಅಪ್ಪನ ಹಳೆಯ ಗೆಳೆಯ ಬೂ ನಾಸಿರ್ ನಡುವೆ ನಿಂತು ಒಂದು ತಿಂಗಳು ಓಡಾಡಿದ ಮೇಲೆ ಉತ್ತರ ಬಂತು: ಕಪ್ ಪಂದ್ಯಾವಳಿಯ ಕೊನೆಯ ಪಂದ್ಯ ನೋಡಲು ಬರುತ್ತೇನೆ, ಮಿಕ್ಕ ಮಾತು ಆಮೇಲೆ. ಮದುವೆಯ ಮಾತು ಹಾಗಿರಲಿ, ಚಿಕ್ಕಪ್ಪ ಮತ್ತೆ ಆ ಮೂಲೆಯ ದಿಂಬಿಗೆ ಒರಗಿ ಕೂರುವುದನ್ನು ನೋಡಬೇಕೆಂದು ದುಐಜನ ಜೀವ ಒದ್ದಾಡುತ್ತಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಹಾಗಾಗಿ ಬೆಳಗಿನಿಂದ ಅವನು ಅಂಗಾಲು ಸುಟ್ಟ ಬೆಕ್ಕಾಗಿದ್ದ. ದಿಂಬು ಸರಿಸುವನು, ಮತ್ತೆ ಅಲ್ಲೇ ಇಡುವನು. ಖರ್ಜೂರದ ತಟ್ಟೆ ಬದಲಾಯಿಸುವನು. ರಿಸೀವರ್ ಕಣ್ಣಿಗೆ ಬಿದ್ದರೆ ಹಳೆಯ ಗಾಯ ನೆನಪಾದೀತೆಂದು ಕಪಾಟಿನ ಬಾಗಿಲನ್ನೇ ಹಾಕಿಬಿಟ್ಟ. ಕೊನೆಗೆ, ಸರಿಯಾದ ಹೊತ್ತಿನಲ್ಲೇ ಆದರೂ ಇವತ್ತು ಚಿಕ್ಕಪ್ಪನ ಮುಂದೆ ಧೂಪ ಎದ್ದರೆ ಏನಾದೀತೋ ಎಂದು ಹೆದರಿ, ಧೂಪದಾನಿಯನ್ನೂ ಇದ್ದಿಲಿನ ಡಬ್ಬಿಯನ್ನೂ ಒಯ್ದು ತನ್ನ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ. ಇವತ್ತು ಈ ಮನೆಯಲ್ಲಿ ಕಡ್ಡಿ ಗೀರಿದರೂ ಜೋಕೆ ಎಂದು ಟೀ ಕೊಡುವ ಶಫೀಕನಿಗೆ ತಾಕೀತು ಮಾಡಿದ. ಹದಿನೈದು ವರ್ಷದಿಂದ ಆ ದಿವಾನಿಯಾದ ಕಾಫಿ ಕಾಯಿಸುತ್ತಿದ್ದ ಬಾಂಗ್ಲಾದ ಶಫೀಕ್, ಯಜಮಾನನಿಗೆ ಏನೋ ಆಗಿದೆ ಎಂದುಕೊಂಡು ತಲೆಯಾಡಿಸಿದ.

ಸೂರ್ಯಾಸ್ತದ ನಮಾಜು ಮುಗಿದು ಜನ ಬರತೊಡಗಿದರು. ಬಂದವರೆಲ್ಲ ಕೆಮ್ಮುತ್ತ, ತಲೆವಸ್ತ್ರ ಕೊಡವುತ್ತ, ಈ ಸಲದ ಧೂಳನ್ನು ಬೈಯುತ್ತ ಗೋಡೆಗುಂಟ ಕೂತರು. ಎಲ್ಲರಿಗಿಂತ ಕೊನೆಗೆ ಬೂ ನಾಸಿರರ ಹಿಂದೆ ಗಾನಿಮ್ ಚಿಕ್ಕಪ್ಪ ಬಂದರು. ಎಪ್ಪತ್ತನಾಲ್ಕರ ವಯಸ್ಸು, ಕೈಯಲ್ಲಿ ಕೋಲು, ಬೆನ್ನು ಮಾತ್ರ ಇನ್ನೂ ನೆಟ್ಟಗೆ. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಅವರು ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರ ಕೈ ಕುಲುಕಿ, ಅಣ್ಣ ಕೂರುತ್ತಿದ್ದ ಮೇಲಿನ ಜಾಗಕ್ಕೆ ಕಣ್ಣು ಹಾಯಿಸಿ, ಅಲ್ಲಿಗೆ ಹೋಗದೆ, ಮೂಲೆಯ ತಮ್ಮ ಹಳೆಯ ಜಾಗದಲ್ಲಿ ಕೂತರು.  ದುಐಜ್ ಹೋಗಿ ಶಫೀಕನ ಕೈಯಿಂದ ಕಾಫಿಯ ಹೂಜಿ ಕಸಿದುಕೊಂಡು ತಾನೇ ಬಗ್ಗಿ ಬಟ್ಟಲಿಗೆ ಸುರಿದ.

ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಕೋಲಿನ ತುದಿಯಿಂದ ಟೀವಿಯನ್ನು ತೋರಿಸಿದರು.

"ದುಐಜ್, ಈ ಮನುಷ್ಯ ಏನು ಬಾಯೊಳಗೆ ಬೋರೆಹಣ್ಣು ಇಟ್ಕೊಂಡು ಮಾತಾಡ್ತಿದ್ದಾನಾ? ಸ್ವಲ್ಪ ಏರಿಸು."

ದುಐಜ್ ಏರಿಸಿದ. ಇನ್ನೊಂದು ಗಳಿಗೆಗೆ ಮತ್ತೆ ಕೋಲು ಎದ್ದಿತು. ಮತ್ತೆ ಏರಿಸಿದ. ಬೂ ನಾಸಿರ್ ತುಟಿ ಬಿಗಿಹಿಡಿದು ಚಾವಣಿ ನೋಡಿದರು. ಮಿಕ್ಕವರು ಖರ್ಜೂರದ ಬೀಜಗಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದರು. ಅಣ್ಣನ ಕಿವಿ ಹೋದ ವಯಸ್ಸಿಗೆ ತಮ್ಮನ ಕಿವಿಯೂ ಹೋಗಿತ್ತು, ಅಷ್ಟೇ ಸಂಗತಿ. ನಗುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಮೂರನೆಯ ಸಲ ಏರಿಸಿದಾಗ ಕಿಟಕಿಯ ಗಾಜು ಝುಂ ಎಂದಿತು, ಕಾಫಿಯ ಬಟ್ಟಲುಗಳು ತಟ್ಟೆಯಲ್ಲಿ ಸಣ್ಣಗೆ ಕುಣಿದವು. ಈಗ ಸರಿ ಎಂದು ಚಿಕ್ಕಪ್ಪ ಕಾಲು ಚಾಚಿದರು.

ಹಳದಿಯವರು ಒಂದು ಗೋಲು ಹೊಡೆದರು. ಚಿಕ್ಕಪ್ಪ ಹಸಿರಿನ ಕಡೆಯವರು, ಆಟಗಾರರ ಅಜ್ಜಂದಿರನ್ನೂ ಬಿಡದೆ ಬೈದರು. ಬೂ ನಾಸಿರ್ ಹಳದಿಯ ಕಡೆಯವರು, ಅವರು ಕೆಣಕಿದರು. ಆಮೇಲೆ ಹಸಿರಿನವರೂ ಒಂದು ಹೊಡೆದಾಗ ಚಿಕ್ಕಪ್ಪ ಕೋಲಿನಿಂದ ನೆಲ ಕುಟ್ಟಿ, ಹಮೂದ್ ಇದ್ದಿದ್ದರೆ ಈಗ ಅವನ ಮುಖ ನೋಡಬೇಕಿತ್ತು ಅಂದರು. ಒಂಬತ್ತು ವರ್ಷದಲ್ಲಿ ಅವರ ಬಾಯಲ್ಲಿ ಆ ಹೆಸರು ಬಂದದ್ದನ್ನು ದುಐಜ್ ಕೇಳಿದ್ದು ಇದೇ ಮೊದಲು. ಬೂ ನಾಸಿರ್ ಅವನತ್ತ ತಿರುಗಿ ಕಣ್ಣು ಮಿಟುಕಿಸಿದರು: ಕೆಲಸ ಆಯಿತು, ಇನ್ನು ಪಂದ್ಯ ಮುಗಿಯಲಿ.

ಪಂದ್ಯ ಸಮದಲ್ಲೇ ನಿಂತು ಹೆಚ್ಚುವರಿ ಹೊತ್ತಿಗೆ ಹೋಯಿತು. ಅಷ್ಟರಲ್ಲಿ ದುಐಜನ ಮೂಗಿಗೆ ಏನೋ ತಾಗಿತು. ಮೊದಲು ಬಿಸಿಲಿಗೆ ಕಾದ ಮರದ ವಾಸನೆ. ಆಮೇಲೆ ಅದರ ಒಳಗಿನಿಂದ ಇನ್ನೊಂದು, ಸಿಹಿಯಾಗಿ, ಮಂದವಾಗಿ, ಗುಲಾಬಿಯೂ ಹೊಗೆಯೂ ಬೆರೆತದ್ದು. ಅವನು ತಟ್ಟನೆ ಶಫೀಕನತ್ತ ನೋಡಿದ. ಶಫೀಕನ ಕೈಯಲ್ಲಿ ಇದ್ದದ್ದು ಟೀ ತಟ್ಟೆ. ಧೂಪದಾನಿ ಕಾರಿನಲ್ಲಿತ್ತು, ಕಾರಿನ ಬೀಗದ ಕೈ ಜೇಬಿನಲ್ಲಿತ್ತು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅನ್ನುತ್ತಾರೆ. ಇಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ, ಕೋಣೆಯ ತುಂಬ ಅಗರಿನ ಪರಿಮಳ.

ಅಭ್ಯಾಸ ಅನ್ನುವುದು ಬುದ್ಧಿಗಿಂತ ಮೊದಲು ಏಳುತ್ತದೆ. ಬಾಗಿಲ ಬಳಿ ಕೂತಿದ್ದ ಇಬ್ಬರು ಕಣ್ಣನ್ನು ಟೀವಿಯಲ್ಲೇ ನೆಟ್ಟು, ಕೈಯಲ್ಲಿ ತಲೆವಸ್ತ್ರ ಸರಿಮಾಡಿಕೊಳ್ಳುತ್ತ ಎದ್ದರು. ಅವರನ್ನು ನೋಡಿ ಪಕ್ಕದವರು ಎದ್ದರು. ಪಂದ್ಯ ಮುಗಿದಿಲ್ಲವಲ್ಲ ಎಂದು ಒಬ್ಬ ಗೊಣಗಿದ, ಗೊಣಗುತ್ತಲೇ ಚಪ್ಪಲಿ ಹುಡುಕಿದ. ದುಐಜ್, ಕೂತುಕೊಳ್ಳಿ, ಧೂಪ ಅಲ್ಲ, ಯಾರೂ ತಂದಿಲ್ಲ ಎಂದು ಅತ್ತಿಂದಿತ್ತ ಓಡಾಡಿದ. ಆ ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳಿಸುತ್ತಿರಲಿಲ್ಲ.

ಗಾನಿಮ್ ಚಿಕ್ಕಪ್ಪ ಎಲ್ಲರಿಗಿಂತ ಕೊನೆಗೆ ತಲೆಯೆತ್ತಿದರು. ಮೂಗಿನ ಹೊಳ್ಳೆ ಅಗಲವಾಯಿತು. ಮುಖದ ರಕ್ತವೆಲ್ಲ ಇಳಿದುಹೋದ ಹಾಗೆ ಬಿಳಿಚಿಕೊಂಡಿತು. ಅವರು ಕಪಾಟಿನತ್ತ ನೋಡಲಿಲ್ಲ, ದುಐಜನತ್ತಲೂ ನೋಡಲಿಲ್ಲ. ಅಣ್ಣನ ಖಾಲಿ ಜಾಗವನ್ನೇ ನೋಡುತ್ತ ಕೋಲು ಊರಿ ಎದ್ದರು. ತಲೆವಸ್ತ್ರದ ಮೇಲಿನ ಕಪ್ಪು ಹುರಿಯನ್ನು ಎರಡೂ ಕೈಯಿಂದ ನೇರ ಮಾಡಿಕೊಂಡು, ದೇವರು ನಿನ್ನ ಮನೆ ತಂಪಾಗಿಡಲಿ ಎಂದು ಗಾಳಿಗೆ ಹೇಳಿ, ಬಾಗಿಲು ದಾಟಿದರು. ದುಐಜ್ ಹಿಂದೆ ಓಡಿದ. ಅದೇ ಕ್ಷಣ ಒಳಗೆ ಟಪ್ ಎಂದಿತು, ಸ್ಪೀಕರುಗಳು ಸತ್ತವು. ಟೀವಿಯಲ್ಲಿ ಇಪ್ಪತ್ತೆರಡು ಜನ ಸದ್ದಿಲ್ಲದೆ ಚೆಂಡಿನ ಹಿಂದೆ ಓಡುತ್ತಿದ್ದರು. ಅವನು ಬೀದಿಗೆ ಬಂದಾಗ ಧೂಳಿನಲ್ಲಿ ಚಿಕ್ಕಪ್ಪನ ಕಾರಿನ ಎರಡು ಕೆಂಪು ದೀಪ ತಿರುವಿನಲ್ಲಿ ಮರೆಯಾದವು.

ಮರಳಿ ಬಂದಾಗ ಉಳಿದಿದ್ದು ಬೂ ನಾಸಿರ್ ಒಬ್ಬರೇ.

"ನನ್ನ ಗಡ್ಡಕ್ಕೆ ಮಸಿ ಬಳಿದೆಯಲ್ಲೋ," ಎಂದರು ಅವರು, ಬಹಳ ಮೆತ್ತಗೆ. "ಒಂದು ತಿಂಗಳು ಅವನ ಮನೆ ಮೆಟ್ಟಿಲು ಸವೆಸಿದ್ದೀನಿ. ನಿಮ್ಮಪ್ಪ ಒಂದು ಸಲ ಅಟ್ಟಿದ, ನೀನು ಇನ್ನೊಂದು ಸಲ ಅಟ್ಟಿದೆ."

ಅವರು ಹೋದ ಮೇಲೆ ದುಐಜ್ ಕಪಾಟಿನ ಬಾಗಿಲು ಎಳೆದ. ಒಲೆಯ ಬಾಯಿ ತೆಗೆದ ಹಾಗೆ ಕಾವು ಮುಖಕ್ಕೆ ಹೊಡೆಯಿತು. ರಿಸೀವರಿನ ಮೂತಿಯಲ್ಲಿ ಸಣ್ಣ ಕೆಂಪು ದೀಪ ಮಿಟುಕುತ್ತಿತ್ತು. ನೆತ್ತಿ ಮುಟ್ಟಿದವನು ಕೈ ಕೊಡವಿಕೊಂಡ. ಪರಿಮಳ ಅಲ್ಲಿಂದಲೇ, ಆ ಸೀಳುಗಳಿಂದ, ಕಾದ ಹಲಗೆಗಳಿಂದ ಬರುತ್ತಿತ್ತು. ಜನ ಹೋದದ್ದು ನೋಡಿ ಒಳಗೆ ಬಂದ ಸಬೀಕಾ ಹೊಸಿಲಲ್ಲೇ ನಿಂತುಬಿಟ್ಟಳು.

"ಇದು ಮಾವನ ಧೂಪ," ಎಂದಳು.

ಅವಳು ಹೇಳಿದ್ದು ನಿಜ. ಹಮೂದರು ಅಂಗಡಿಯ ಧೂಪ ಹಾಕಿದವರೇ ಅಲ್ಲ. ಅಗರಿನ ಚೂರುಗಳನ್ನು ತಾವೇ ಆರಿಸಿ, ಗುಲಾಬಿ ಎಣ್ಣೆಯಲ್ಲಿ ನೆನೆಸಿ, ಇನ್ನೇನೋ ಬೆರೆಸಿ ತಗಡಿನ ಡಬ್ಬಿಯಲ್ಲಿ ಹುದುಗಿಡುತ್ತಿದ್ದರು. ಆ ಇನ್ನೇನೋ ಏನೆಂದು ಯಾರಿಗೂ ಹೇಳಲಿಲ್ಲ. ಅವರು ಹೋದ ವರ್ಷವೇ ಡಬ್ಬಿ ಬರಿದಾಯಿತು. ಸಬೀಕಾ ಬಗ್ಗಿ ಕಪಾಟಿನ ಕೆಳಗಿನ ಅರೆಯನ್ನು ತೋರಿಸಿದಳು. ಅಲ್ಲಿ ಹಲಗೆಯ ಮೇಲೆ ದುಂಡನೆಯ ಸುಟ್ಟ ಕಲೆ ಇತ್ತು. ಮೊಮ್ಮಕ್ಕಳು ಕಾಲಿಟ್ಟಾರೆಂದು ಮಾವ ಕೆಂಡವಿದ್ದ ಧೂಪದಾನಿಯನ್ನು ಯಾವಾಗಲೂ ಅಲ್ಲೇ ಇಡುತ್ತಿದ್ದದ್ದು ಅವಳಿಗೆ ನೆನಪಿತ್ತು. ವರ್ಷಗಟ್ಟಲೆ ಆ ಹೊಗೆ ಯಂತ್ರದ ಹೊಟ್ಟೆ ಹೊಕ್ಕು ನೆತ್ತಿಯಿಂದ ಹೊರಬಂದಿತ್ತು. ಅತ್ವಾ ಗೀರಿ ಗೀರಿ ಬೇಸತ್ತದ್ದು ಅದನ್ನೇ. ಬಾಗಿಲು ತೆರೆದು ತಂಪಾಗಿ ಓಡಿಸುತ್ತಿದ್ದಷ್ಟು ದಿನ ಅದು ಮಲಗಿತ್ತು. ಇವತ್ತು ಎಲ್ಲ ದಾರಿ ಮುಚ್ಚಿ ಕಾಯಿಸಿದಾಗ ಎದ್ದಿತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಧೂಪದಾನಿಗೆ ಬೀಗ ಹಾಕಿದವನು ಮನೆಯೊಳಗೆ ದೊಡ್ಡದೊಂದು ಧೂಪದಾನಿಯನ್ನೇ ತಾನಾಗಿ ಕಟ್ಟಿಕೊಂಡಿದ್ದ. ದುಐಜನಿಗೆ ನಗಬೇಕೆನಿಸಿತು, ಅಳುವೂ ಬಂತು. ಎರಡನ್ನೂ ಮಾಡದೆ ಚಿಕ್ಕಪ್ಪನಿಗೆ ಫೋನ್ ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು.

ಮರುದಿನ ಬೆಳಿಗ್ಗೆ ಖಾಲಿದಿಯಾಕ್ಕೆ ಹೋದ. ಯಜಮಾನರು ಮಲಗಿದ್ದಾರೆ ಎಂದು ಕೆಲಸದವಳು ಗೇಟಿನ ಸಂದಿಯಿಂದಲೇ ಹೇಳಿದಳು. ಚಿಕ್ಕಪ್ಪ ಮುಂಜಾನೆಯ ನಮಾಜಿನ ನಂತರ ಮಲಗುವವರೇ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಮರಳುವ ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿದ. ಚಿಕ್ಕಪ್ಪ, ಅದು ಧೂಪವಲ್ಲ, ರಿಸೀವರ್ ಕಾದಿತ್ತು. ಹೀಗೆ ಹೇಳಿದರೆ ಯಾರು ನಂಬುತ್ತಾರೆ? ಅವನೇ ಆದರೂ ನಂಬುತ್ತಿರಲಿಲ್ಲ. ಗುರುವಾರಕ್ಕೆ ಇನ್ನೊಂದೇ ದಿನ ಇತ್ತು. ಮನೆಗೆ ಬಂದವನೇ ಸ್ಕ್ರೂಡ್ರೈವರ್ ಹಿಡಿದು ಕಪಾಟಿನ ಬಾಗಿಲೆರಡನ್ನೂ ಬಿಚ್ಚಿ ಗೋಡೆಗೆ ಒರಗಿಸಿದ, ಹಿಂದಿನ ಅಂಟುಪಟ್ಟಿಯನ್ನು ಪರಪರ ಕಿತ್ತ. ಅತ್ವಾನಿಗೆ ಫೋನ್ ಮಾಡಿ, ಬಂದು ಇದರ ಹೊಟ್ಟೆಯನ್ನು ಪೂರ್ತಿ ತೊಳೆದುಕೊಡು ಅಂದ. ಅತ್ವಾ ನಾಳೆ ಅಂದ. ಊಟ ಸೇರಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಹೀಗೆ ಮಧ್ಯಾಹ್ನ ಕಳೆಯಿತು.

ಇಳಿಹೊತ್ತಿನ ಅಸರ್ ನಮಾಜು ಮುಗಿದ ಹೊತ್ತು. ಗಾಳಿ ನಿಂತಿತ್ತು, ಅಂಗಳದ ತುಂಬ ಹಿಟ್ಟಿನಂಥ ಧೂಳು. ಶಫೀಕ್ ಗುಡಿಸುತ್ತಿದ್ದವನು ಪೊರಕೆ ಬಿಟ್ಟು ಒಳಗೆ ಓಡಿಬಂದ. ಅವನ ಹಿಂದೆಯೇ ಗಾನಿಮ್ ಚಿಕ್ಕಪ್ಪ, ಒಬ್ಬರೇ, ಕಾಲ್ನಡಿಗೆಯಲ್ಲಿ ಬಂದಿದ್ದರು. ದುಐಜ್ ಹಣೆಗೆ ಮುತ್ತಿಡಲು ಬಾಗಿದಾಗ ಅವರು ಕೈ ಅಡ್ಡ ಹಿಡಿದರು.

"ಮೊದಲು ಒಂದು ಮಾತು ಹೇಳು. ನಿಮ್ಮಪ್ಪನ ಡಬ್ಬಿಯಲ್ಲಿ ಇನ್ನೂ ಧೂಪ ಉಳಿದಿದೆಯಾ?"

"ಇಲ್ಲ ಚಿಕ್ಕಪ್ಪ. ಒಂದು ಚೂರೂ ಇಲ್ಲ."

"ಹಾಗಾದ್ರೆ ನಿನ್ನೆ ನನ್ನ ಮುಂದೆ ಎದ್ದದ್ದೇನು?"

 ದುಐಜ್ ಚಿಕ್ಕಪ್ಪನ ಮೊಣಕೈ ಹಿಡಿದು ಕಪಾಟಿನ ಮುಂದೆ ಕರೆದೊಯ್ದ. ಸುಟ್ಟ ಕಲೆ ತೋರಿಸಿದ, ಸೀಳುಗಳನ್ನು ತೋರಿಸಿದ, ಕಿತ್ತ ಅಂಟುಪಟ್ಟಿಯ ಉಂಡೆ ತೋರಿಸಿದ. ಧೂಳಿಗೆ ಹೆದರಿ ಮುಚ್ಚಿದ್ದು, ಧ್ವನಿ ಏರಿದಷ್ಟೂ ಅದು ಕಾದದ್ದು, ಎಲ್ಲ ತೊದಲಿಕೊಂಡು ಹೇಳಿದ. ಧೂಪದಾನಿಯನ್ನು ಕಾರಿನಲ್ಲಿ ಬಚ್ಚಿಟ್ಟಿದ್ದನ್ನೂ ಹೇಳಿದ. ಮುದುಕರು ಬಗ್ಗಿ, ರಿಸೀವರಿನ ನೆತ್ತಿಗೆ ಮೂಗು ತಾಗಿಸಿ ಬಹಳ ಹೊತ್ತು ಹಾಗೇ ನಿಂತರು. ತಣ್ಣಗಿದ್ದ ಯಂತ್ರದಲ್ಲಿ ವಾಸನೆ ಇರಲಿಲ್ಲವೇನೋ. ಅವರ ಮುಖದಲ್ಲಿ ನಿರಾಸೆ ಕಂಡಿತು.

"ರಾತ್ರಿ ತಲೆವಸ್ತ್ರ ಬಿಚ್ಚಿ ಗೂಟಕ್ಕೆ ಹಾಕಿದೆ," ಎಂದರು ನೆಟ್ಟಗಾಗುತ್ತ. "ಕೋಣೆ ತುಂಬ ಅವನೇ. ಸಾಯೋ ಮುಂಚೆ ಒಂದು ಸಲ ಬಂದು ಹೋಗು ಅಂತ ಅವನು ಕರೀಲಿಲ್ಲ, ನಾನೂ ಬರಲಿಲ್ಲ. ಬೆಳಿಗ್ಗೆ ಕೆಲಸದವಳು ಅದನ್ನ ಒಗೆಯೋಕೆ ತಗೊಂಡುಹೋಗಿದ್ಲು. ಅವಳ ಮೇಲೆ ಕೂಗಾಡಿಬಿಟ್ಟೆ, ಪಾಪ."

 ಚಿಕ್ಕಪ್ಪ ಕೋಲಿನಿಂದ ಗೋಡೆಗೆ ಒರಗಿದ್ದ ಬಾಗಿಲುಗಳನ್ನು ತಟ್ಟಿದರು.

"ಇವನ್ನ ಮತ್ತೆ ಹಾಕು. ನಿನ್ನೆ ಹೇಗೆ ಮುಚ್ಚಿದ್ದೆಯೋ ಹಾಗೇ ಮುಚ್ಚು."

"ಕಾದು ಆರಿಹೋಗುತ್ತೆ ಚಿಕ್ಕಪ್ಪ."

"ಹೋಗಲಿ. ಆರೋವರೆಗೂ ಕೂತಿರ್ತೀನಿ."

ದುಐಜ್ ಮತ್ತೆ ಕಪಾಟಿನ ಹಿಂದೆ ಹೊಕ್ಕ. ಈ ಸಲ ಅಂಟುಪಟ್ಟಿಯನ್ನು ತುಂಡು ಮಾಡಿ ಮಾಡಿ ಕೊಟ್ಟವನು ಶಫೀಕ್. ಬಾಗಿಲೆರಡೂ ಕೂತವು. ಟೀವಿಯಲ್ಲಿ ನಿನ್ನೆಯ ಪಂದ್ಯವನ್ನೇ ಮರಳಿ ತೋರಿಸುತ್ತಿದ್ದರು. ಕೊನೆಗೆ ಗೆದ್ದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು, ಆ ಕೋಣೆಯಲ್ಲಿದ್ದವರಿಗೆ ಅದು ಬೇಕಿರಲಿಲ್ಲ. ಚಿಕ್ಕಪ್ಪ ತಮ್ಮ ಮೂಲೆಗೆ ಹೋಗಿ ಕೂತರು. ಜೇಬಿನಿಂದ ಏನೋ ತೆಗೆದು ಕಿವಿಗೆ ಇಟ್ಟುಕೊಂಡು ಮತ್ತೆ ತೆಗೆದರು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಿದ್ದ ಆ ಕಿವಿಯ ಮಿಷನ್ನನ್ನು ಅವರು ಬಚ್ಚಿಡಲೂ ಇಲ್ಲ, ತೋರಿಸಲೂ ಇಲ್ಲ. ಕಾಫಿಯ ಬಟ್ಟಲಿನ ಪಕ್ಕ ಇಟ್ಟರು.

"ಏರಿಸು," ಎಂದರು.

ದುಐಜ್ ಏರಿಸಿದ.

"ಇನ್ನೂ ಏರಿಸು."

ಕಿಟಕಿ ಝುಂ ಎಂದಿತು. ಪಕ್ಕದ ಮನೆಯ ನಾಯಿ ಬೊಗಳತೊಡಗಿತು.

"ಸುಲೈಬಿಖಾತಿನವರೆಗೂ ಕೇಳಲಿ," ಎಂದರು ಚಿಕ್ಕಪ್ಪ. ಅವರ ಕಣ್ಣು ಟೀವಿಯ ಮೇಲಿತ್ತು, ಕೆನ್ನೆ ಒದ್ದೆಯಾಗಿತ್ತು.

ಶಫೀಕ್ ಟೀ ತಂದಿಟ್ಟ. ಆರಿತು, ಬೇರೆ ತಂದ. ಹಳದಿಯವರ ಗೋಲು ಬಂತು, ಹೋಯಿತು. ಚಿಕ್ಕಪ್ಪ ಯಾರನ್ನೂ ಬೈಯಲಿಲ್ಲ. ದುಐಜ್ ಮೊದಲ ಬಾರಿಗೆ ಒಂದೇ ಕಡೆ ಅಲುಗಾಡದೆ ಕೂತಿದ್ದ. ನಡುವೆ ಒಮ್ಮೆ ಚಿಕ್ಕಪ್ಪ, ಗುರುವಾರ ಹುಡುಗಿಯ ಮನೆಗೆ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೂಗಿ ಕೇಳಿದರು. ರಾತ್ರಿಯ ಇಶಾ ನಮಾಜಿನ ನಂತರ ಎಂದು ಅವನೂ ಕೂಗಿಯೇ ಉತ್ತರಿಸಿದ.

ಕಾದ ಮರದ ವಾಸನೆ ಮೊದಲು ಬಂತು. ಆಮೇಲೆ ಅದರ ಒಳಗಿನಿಂದ ಇನ್ನೊಂದು. ಹೊರಗೆ ಪೊರಕೆ ಹಿಡಿದಿದ್ದ ಶಫೀಕ್ ಕೈ ನಿಲ್ಲಿಸಿ ಬಾಗಿಲತ್ತ ನೋಡಿದ. ಚಿಕ್ಕಪ್ಪನ ಎರಡೂ ಕೈ ತಾವಾಗಿ ಎದ್ದು ತಲೆಯ ಮೇಲಿನ ಕಪ್ಪು ಹುರಿಯನ್ನು ಹಿಡಿದವು. ಅದನ್ನು ನೇರ ಮಾಡಿಕೊಳ್ಳಲಿಲ್ಲ. ಹುರಿಯನ್ನೂ ತಲೆವಸ್ತ್ರವನ್ನೂ ತೆಗೆದು, ಮಡಿಚಿ, ಪಕ್ಕದ ದಿಂಬಿನ ಮೇಲಿಟ್ಟು, ಬರಿತಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿದರು.